ಸ್ಕ್ಯಾನ್ ಮಾಡಿದ ಪುಟಗಳನ್ನು ರ‍್ಯಾಮ್‌ನಲ್ಲಿ ಇಡಬೇಡಿ

ಅಣ್ಣಾರ, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಹಳೆಯ ಪುಸ್ತಕದ ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಓದಿಸುವುದು) ಬೇಗ ಆಗಲಿ ಅಂತ ಸ್ಕ್ಯಾನ್ ಪಿಡಿಎಫ್‌ಗಳನ್ನೇ ನೇರವಾಗಿ ಲಿನಕ್ಸ್‌ನಲ್ಲಿ ರ‍್ಯಾಮ್‌ನೊಳಗೇ ಇರುವ ಫೋಲ್ಡರ್ ಆದ /ಡೆವ್/ಎಸ್‌ಎಚ್‌ಎಂ ಒಳಗೆ ಇಳಿಸಿದ್ದೀರಿ. ಪುಟಗಳ ಚಿತ್ರಗಳನ್ನೂ ಅಲ್ಲೇ ಬಿಡಿಸಿದ್ದೀರಿ. ಸಂಜೆ ಒಟ್ಟಿಗೆ ಡಿಸ್ಕ್‌ಗೆ ಕಾಪಿ ಮಾಡೋಣ ಅಂದುಕೊಂಡಿದ್ದಿರಿ. ಮಧ್ಯಾಹ್ನವೇ ಮಷಿನ್ ಹ್ಯಾಂಗ್ ಆಯ್ತು, ರೀಸ್ಟಾರ್ಟ್ ಮಾಡಿದಿರಿ, ಎಲ್ಲ ಹೋಯ್ತು. ನಾನೂ ಒಂದು ಕಾಲಕ್ಕೆ ಇದನ್ನೇ ಮಾಡಿದವನು. ಕೆಳಗೆ ಎಲ್ಲರೂ ರ‍್ಯಾಮ್ ಜಾಸ್ತಿ ಹಾಕಿಸಿ ಅಂತಿದ್ದಾರೆ. ಈಗಲೇ ದುಡ್ಡು ಹಾಕಬೇಡಿ, ಮೊದಲು ಲೆಕ್ಕ ನೋಡಿ.

300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ಒಂದು ಎ4 ಪುಟ ಅಂದರೆ 2480 ಗುಣಿಸು 3508 ಪಿಕ್ಸೆಲ್. ಬಣ್ಣದಲ್ಲಿದ್ದರೆ ಒಂದೊಂದು ಪಿಕ್ಸೆಲ್‌ಗೆ ಮೂರು ಬೈಟ್. ಸುಮಾರು 26 ಎಂಬಿ ಆಯ್ತು. ಪಿಡಿಎಫ್ ಪುಟವನ್ನು ಚಿತ್ರ ಮಾಡುವ ಪಿಡಿಎಫ್‌ಟೊಪಿಪಿಎಂಗೆ ಪಿಎನ್‌ಜಿ ಬೇಕು ಅಂತ ಹೇಳದಿದ್ದರೆ ಅದು ಪುಟವನ್ನು ಕುಗ್ಗಿಸದೇ ಹಾಗೇ ಬರೆಯುತ್ತದೆ. ನಿಮ್ಮದು 8 ಜಿಬಿ ಮಷಿನ್. ಆ ಫೋಲ್ಡರ್ ಟೆಂಪ್‌ಎಫ್‌ಎಸ್, ಅಂದರೆ ರ‍್ಯಾಮ್‌ನಲ್ಲಿ ಫೈಲು ಇಡುವ ವ್ಯವಸ್ಥೆ; ಅದರ ಡೀಫಾಲ್ಟ್ ಮಿತಿ ರ‍್ಯಾಮ್‌ನ ಅರ್ಧ, ಅಂದರೆ 4 ಜಿಬಿ. 150 ಪುಟ ದಾಟುವಷ್ಟರಲ್ಲಿ ಜಾಗ ಇಲ್ಲ ಅಂತ ಎರರ್ ಬಂದೇ ಬರುತ್ತದೆ. ಆಗ ನೀವು ರೀಮೌಂಟ್ ಮಾಡಿ ಮಿತಿಯನ್ನು 7 ಜಿಬಿಗೆ ಏರಿಸಿದ್ದೀರಿ. ಕೆಟ್ಟದ್ದೇ ಅಲ್ಲಿ.

ಹೇಗೆ ಅಂದರೆ, ಮೆಮೊರಿ ಸಾಲದಾದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಮೆಮೊರಿಯಲ್ಲಿದ್ದದ್ದನ್ನು ಮೊದಲು ಸ್ವಾಪ್‌ಗೆ, ಅಂದರೆ ಡಿಸ್ಕ್‌ನಲ್ಲಿ ಅದಕ್ಕೇ ಮೀಸಲಿಟ್ಟ ಜಾಗಕ್ಕೆ, ತಳ್ಳುತ್ತದೆ. ಅಂದರೆ ಟೆಂಪ್‌ಎಫ್‌ಎಸ್ ಒಳಗಿನ ಫೈಲುಗಳೂ ಡಿಸ್ಕ್‌ಗೇ ಹೋಗುತ್ತವೆ. ಡಿಸ್ಕ್ ಬೇಡ ಅಂತ ಮಾಡಿದ ಕೆಲಸ ಡಿಸ್ಕ್‌ಗೇ ಬಂತು, ಅದೂ ನಿಧಾನದ ದಾರಿಯಲ್ಲಿ. ಸ್ವಾಪ್ ಕೂಡ ತುಂಬಿದರೆ ಓಓಎಂ ಕಿಲ್ಲರ್ ಎದ್ದು ಪ್ರೋಗ್ರಾಂಗಳನ್ನು ಕೊಲ್ಲುತ್ತದೆ. ಬ್ರೌಸರ್ ಹೋಗುತ್ತದೆ, ಓಸಿಆರ್ ಮಾಡುವ ಟೆಸರಾಕ್ಟ್ ಹೋಗುತ್ತದೆ. ಆದರೆ ಫೈಲುಗಳು ಯಾವ ಪ್ರೋಗ್ರಾಂನ ಸೊತ್ತೂ ಅಲ್ಲ, ಹಾಗಾಗಿ ಎಷ್ಟು ಕೊಂದರೂ ಅವು ಹಿಡಿದ ಜಾಗ ಬಿಡುಗಡೆ ಆಗುವುದಿಲ್ಲ. ನೀವು ಕೈಯಾರೆ ಅಳಿಸಬೇಕು, ಆದರೆ ಅಷ್ಟೊತ್ತಿಗೆ ಟರ್ಮಿನಲ್ ಕೂಡ ತೆರೆಯುತ್ತಿರುವುದಿಲ್ಲ. ರ‍್ಯಾಮ್‌ಎಫ್‌ಎಸ್ ಬಳಸಿ ಅಂತ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ. ಅದೂ ರ‍್ಯಾಮ್‌ನಲ್ಲೇ ಫೈಲು ಇಡುವುದು, ಆದರೆ ಅದಕ್ಕೆ ಮಿತಿಯೇ ಇಲ್ಲ, ಸ್ವಾಪ್‌ಗೂ ಹೋಗುವುದಿಲ್ಲ.

ಇಷ್ಟಕ್ಕೂ ನಿಮಗೆ ಲಾಭ ಏನಿತ್ತು? ಸ್ಕ್ಯಾನರ್ ಒಂದು ಪುಟಕ್ಕೆ ಹತ್ತಾರು ಸೆಕೆಂಡ್ ತಗೊಳ್ಳುತ್ತದೆ, ಅಲ್ಲಿ ಡಿಸ್ಕ್ ಕಾಯಿಸುತ್ತಿಲ್ಲ. ಓಸಿಆರ್ ಸಿಪಿಯು ಕೆಲಸ. ಒಮ್ಮೆ ಟಾಪ್ ಕಮಾಂಡ್ ಓಡಿಸಿ 'ಡಬ್ಲ್ಯುಎ' ಅಂಕಿ (ಡಿಸ್ಕ್‌ಗಾಗಿ ಸಿಪಿಯು ಕಾದ ಪಾಲು) ನೋಡಿ. ಸೊನ್ನೆ ಹತ್ತಿರ ಇದ್ದು ಸಿಪಿಯು ಪೂರ್ತಿ ಓಡುತ್ತಿದ್ದರೆ ಹೀಗೆ ರ‍್ಯಾಮನ್ನೇ ಡಿಸ್ಕ್ ಮಾಡಿಕೊಂಡ ರ‍್ಯಾಮ್‌ಡಿಸ್ಕ್‌ನಿಂದ ಒಂದು ಸೆಕೆಂಡೂ ಉಳಿಯುವುದಿಲ್ಲ. ಓದಿದ ಫೈಲನ್ನು ಲಿನಕ್ಸ್ ತಾನಾಗಿಯೇ ಪೇಜ್ ಕ್ಯಾಶ್ ಅನ್ನುವ ರ‍್ಯಾಮ್ ಭಾಗದಲ್ಲಿ ಇಟ್ಟುಕೊಳ್ಳುತ್ತದೆ, ಜಾಗ ಬೇಕಾದಾಗ ತಾನೇ ಬಿಡುತ್ತದೆ. ಅದನ್ನೇ ನೀವು ಕೈಯಿಂದ ಕಟ್ಟಿಹಾಕಿದಿರಿ, ಅಷ್ಟೇ. ರ‍್ಯಾಮ್‌ಡಿಸ್ಕ್ ನಿಜಕ್ಕೂ ಉಪಯೋಗಕ್ಕೆ ಬರೋದು ಮಧ್ಯದ ಹಂತಗಳಿಗೆ. ಪುಟ ನೇರ ಮಾಡುವುದು, ಕಲೆ ತೆಗೆಯುವುದು, ಬರೆದು ಅಳಿಸಿ ಮತ್ತೆ ಬರೆಯುವ ಸಣ್ಣ ಸಣ್ಣ ಫೈಲುಗಳು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರಂತೂ ವ್ಯತ್ಯಾಸ ಎದ್ದು ಕಾಣುತ್ತದೆ.

ನಾನು ಈಗ ಮಾಡುವ ರೀತಿ ಹೇಳುತ್ತೇನೆ. ಮತ್ತೆ ಹುಟ್ಟಿಸಬಹುದಾದ್ದು ಮಾತ್ರ ರ‍್ಯಾಮ್‌ಗೆ. ಕೈಯಲ್ಲಿ ಪುಟ ತಿರುವಿ ತೆಗೆದ ಸ್ಕ್ಯಾನ್ ಹುಟ್ಟಿದ ಕ್ಷಣದಲ್ಲೇ ಡಿಸ್ಕ್‌ಗೆ. ಪುಸ್ತಕವನ್ನು ಪೂರ್ತಿ ಬಿಡಿಸುವುದಿಲ್ಲ. ಪಿಡಿಎಫ್‌ಟೊಪಿಪಿಎಂನ ಮೊದಲ ಪುಟ, ಕೊನೆಯ ಪುಟ ಎರಡೂ ಆಯ್ಕೆಗೆ ಒಂದೇ ಅಂಕಿ ಕೊಟ್ಟು ಒಂದೊಂದೇ ಪುಟ ತೆಗೆದು, ಪೈಪ್‌ನಲ್ಲಿ, ಅಂದರೆ ನಡುವೆ ಫೈಲು ಬರೆಯದೆ, ನೇರವಾಗಿ ಟೆಸರಾಕ್ಟ್‌ನ ಎಸ್‌ಟಿಡಿಇನ್‌ಗೆ (ಇನ್‌ಪುಟ್‌ಗೆ) ಕೊಡುತ್ತೇನೆ. ಗ್ರೇ ಆಯ್ಕೆ ಹಾಕಿ, 26 ಎಂಬಿ ಇದ್ದದ್ದು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳದಿ ಕಾಗದದ ಬಣ್ಣ ಓಸಿಆರ್‌ಗೆ ಬೇಕಿಲ್ಲ. ನಾಲ್ಕು ಪುಟ ಒಟ್ಟಿಗೆ ಓಡಿಸುವುದಾದರೆ ಓಎಂಪಿ ಥ್ರೆಡ್ ಲಿಮಿಟ್ (ಒಂದೊಂದು ಟೆಸರಾಕ್ಟ್ ಎಷ್ಟು ಎಳೆಗಳಲ್ಲಿ ಒಟ್ಟಿಗೆ ಓಡಬಹುದು ಅನ್ನುವ ಮಿತಿ) 1 ಅಂತ ಇಡಿ, ಇಲ್ಲದಿದ್ದರೆ ಅವು ತಮ್ಮ ತಮ್ಮಲ್ಲೇ ಕಿತ್ತಾಡುತ್ತವೆ.

ಪೈಥಾನ್‌ನಲ್ಲಿ ಮಾಡುವವರು ಬೈಟ್ಸ್‌ಐಒ (ಮೆಮೊರಿಯಲ್ಲೇ ಇರುವ ಫೈಲಿನಂಥದ್ದು) ಬಳಸಿ. ಅದಕ್ಕೆ ಹೆಸರಿಲ್ಲ, ಎಕ್ಸ್‌ಟೆನ್ಶನ್ ಇಲ್ಲ, ಹಾಗಾಗಿ ಚಿತ್ರಗಳ ಲೈಬ್ರರಿ ಪಿಲ್ಲೋದಲ್ಲಿ ಸೇವ್ ಮಾಡುವಾಗ ಫಾರ್ಮ್ಯಾಟ್ ಹೇಳಲೇಬೇಕು. ಬರೆದ ಮೇಲೆ ಸೀಕ್ ಸೊನ್ನೆ ಮಾಡದೆ, ಅಂದರೆ ಶುರುವಿಗೆ ಮರಳದೆ, ಓದಿದರೆ ಖಾಲಿ ಬರುತ್ತದೆ. ಇದನ್ನು ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ! ಪೈಥಾನ್‌ನದೇ ಸ್ಪೂಲ್ಡ್ ಟೆಂಪರರಿ ಫೈಲ್ ಒಳ್ಳೆಯದೇ, ಮೊದಲು ಮೆಮೊರಿಯಲ್ಲಿದ್ದು ನೀವು ಹಾಕಿದ ಮಿತಿ ದಾಟಿದರೆ ಡಿಸ್ಕ್‌ಗೆ ಹೋಗುತ್ತದೆ. ಆದರೆ ಅದು ಹೋಗುವುದು /ಟಿಎಂಪಿ ಫೋಲ್ಡರಿಗೆ, ಲಿನಕ್ಸ್‌ನ ಡೆಬಿಯನ್ 13ರಿಂದ ಅದೇ ಟೆಂಪ್‌ಎಫ್‌ಎಸ್, ಫೆಡೋರಾದಲ್ಲಿ 18ನೇ ಆವೃತ್ತಿಯಿಂದಲೇ ಹಾಗಿದೆ. ಡಿಸ್ಕ್‌ಗೆ ಹೋಯ್ತು ಅಂದುಕೊಂಡದ್ದು ಮತ್ತೆ ರ‍್ಯಾಮ್‌ಗೇ ಬಂದಿರುತ್ತದೆ. ದೊಡ್ಡ ಫೈಲಿಗೆ /ವಾರ್/ಟಿಎಂಪಿ ಕೊಡಿ.

ಇನ್ನು ಉಳಿಸುವ ರೀತಿ. ರ‍್ಯಾಮ್‌ಡಿಸ್ಕ್‌ನಿಂದ ಡಿಸ್ಕ್‌ಗೆ ಎಂವಿ (ಫೈಲಿನ ಜಾಗ ಬದಲಿಸುವ ಕಮಾಂಡ್) ಮಾಡಿದರೆ ಅದು ಹೆಸರು ಬದಲಾವಣೆ ಅಲ್ಲ, ಕಾಪಿ ಮಾಡಿ ಹಳೆಯದನ್ನು ಅಳಿಸುವುದು. ನಡುವೆ ಕರೆಂಟ್ ಹೋದರೆ ಡಿಸ್ಕ್ ಮೇಲೆ ಅರ್ಧ ಫೈಲು, ಅದೂ ಸರಿಯಾದ ಹೆಸರಿನಲ್ಲೇ ಕೂತಿರುತ್ತದೆ. ಆರು ತಿಂಗಳಾದ ಮೇಲೆ ತೆರೆದಾಗ ಗೊತ್ತಾಗುತ್ತದೆ. ನಮ್ಮ ಧಾರವಾಡದಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಗಾಳಿ ಎದ್ದಾಗ ಕರೆಂಟ್ ಹೇಗೆ ಆಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ಡಿಸ್ಕ್‌ನ ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಿಂದ ಬರೆಯಿರಿ, ಎಫ್‌ಸಿಂಕ್ ಮಾಡಿ (ಡೇಟಾ ನಿಜಕ್ಕೂ ಡಿಸ್ಕ್‌ಗೆ ಬರೆಸಿ), ಆಮೇಲೆ ಸರಿಯಾದ ಹೆಸರಿಗೆ ಬದಲಿಸಿ. ಇಷ್ಟಾದರೆ ಆ ಹೆಸರಿನಲ್ಲಿ ಇರೋದು ಪೂರ್ತಿ ಫೈಲೇ. ಟೆಂಪ್‌ಎಫ್‌ಎಸ್ ಮೇಲೆಯೇ ಎಫ್‌ಸಿಂಕ್ ಮಾಡಿ ಸುರಕ್ಷಿತ ಅಂದುಕೊಳ್ಳಬೇಡಿ, ಅಲ್ಲಿ ಅದು ಏನೂ ಮಾಡುವುದಿಲ್ಲ. ಪೆನ್‌ಡ್ರೈವ್‌ದೂ ಇದೇ ಕಥೆ. ಕಾಪಿ ಮುಗಿಯಿತು ಅಂತ ತೋರಿಸಿದರೂ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ಇಜೆಕ್ಟ್ ಮಾಡದೆ ಕೀಳಬೇಡಿ.

ವಿಂಡೋಸ್‌ನವರು ಕೇಳಿದ್ದಕ್ಕೆ: ದುಡ್ಡು ಕೊಟ್ಟು ರ‍್ಯಾಮ್‌ಡಿಸ್ಕ್ ಸಾಫ್ಟ್‌ವೇರ್ ತಗೊಳ್ಳಬೇಡಿ, ಇಮ್‌ಡಿಸ್ಕ್‌ನಂಥ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಶಟ್‌ಡೌನ್ ಆಗುವಾಗ ಉಳಿಸುತ್ತೇವೆ ಅನ್ನುವವು ಸರಿಯಾಗಿ ಶಟ್‌ಡೌನ್ ಮಾಡಿದಾಗ ಮಾತ್ರ ಉಳಿಸುತ್ತವೆ. ಕರೆಂಟ್ ಹೋದರೆ ಅವುಗಳದ್ದೂ ನಿಮ್ಮದೇ ಗತಿ. ಆ ದುಡ್ಡಿಗೆ ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲಿ ಯುಪಿಎಸ್ ಬ್ಯಾಟರಿ ಬದಲಾಯಿಸಿಕೊಂಡು ಬನ್ನಿ. ಬ್ಯಾಟರಿ ಮೇಲೆ ತಯಾರಾದ ತಿಂಗಳು ನೋಡಿ ತಗೊಳ್ಳಿ.

ಮತ್ತೊಂದು. ಕಳೆದುಹೋದ ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡುತ್ತೀರಲ್ವಾ, ನಿಮ್ಮದು ಕ್ಯಾನನ್ ಲೈಡ್ ಸ್ಕ್ಯಾನರ್. ತೆಳ್ಳಗೆ ಚೆನ್ನಾಗಿದೆ, ಆದರೆ ಗಾಜಿಗೆ ಅಂಟದ ಜಾಗ ಮಸುಕಾಗುತ್ತದೆ. ಹೊಲಿಗೆ ಹತ್ತಿರದ ಸಾಲುಗಳು ಹಾಗೇ ಹಾಳಾಗೋದು. ಹಾಗಂತ ಬೈಂಡಿಂಗ್ ಬಿಚ್ಚಬೇಡಿ. ಗದಗಿನ ಹಳೆಯ ಪ್ರೆಸ್‌ಗಳ ಪುಸ್ತಕ ಇನ್ನೊಂದು ಪ್ರತಿ ಸಿಗೋದು ಕಷ್ಟ. ಮೇಲಿನಿಂದ ಕ್ಯಾಮರಾದಲ್ಲಿ ತೆಗೆಯಿರಿ. ಅಚ್ಚುಮೊಳೆ ಸವೆದು ಒತ್ತಕ್ಷರ ತುಂಬಿಕೊಂಡಿದ್ದರೆ 400 ಡಿಪಿಐಗೆ ಸಮ ಬರುವಷ್ಟು ಹತ್ತಿರ ಇಡಿ. 600 ಮಾಡಬೇಡಿ, ಬಣ್ಣದ ಪುಟ 104 ಎಂಬಿ ಆಗುತ್ತದೆ. ಒಂದು ಪುಟ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ. ಅಲ್ಲಿಯವರೆಗೆ ಉಳಿದ ಪುಟಗಳ ಚಿತ್ರ ತೆಗೆಯಬೇಡಿ.