ಪ್ಲೇಟ್ ಹಾಕಿಸೋದಾ, ಪಟ್ಟಿ ಸಾಕಾ?

ತಿಪಟೂರಿನ ಓದುಗರೊಬ್ಬರ ಪತ್ರದ ಸಾರ ಇದು. ಅವರ ತಾಯಿಗೆ 71 ವರ್ಷ. ಹೋದ ವಾರ ಬಚ್ಚಲಲ್ಲಿ ಜಾರಿ, ಕೈಯೂರಿ ಬಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಊರಿನ ಡಾಕ್ಟರು ಎಳೆದು ಕೂರಿಸಿ ಪ್ಲಾಸ್ಟರ್ ಪಟ್ಟಿ ಹಾಕಿದರು. ಓದುಗರ ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನು ಎಕ್ಸ್-ರೇ ಫೋಟೋವನ್ನು ಅಲ್ಲಿನ ಡಾಕ್ಟರಿಗೆ ತೋರಿಸಿದ. ಅವರು ‘ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು’ ಅಂದರು. ಸೋದರಮಾವನ ಪ್ರಕಾರ ಎರಡೂ ಬೇಡ, ಪುತ್ತೂರು ಕಟ್ಟು ಕಟ್ಟಿಸಿದರೆ ಸಾಕು. ‘ಒಂದು ಕೈಗೆ ಮೂರು ಮಾತು. ಯಾರು ದುಡ್ಡಿಗೋಸ್ಕರ ಹೇಳ್ತಿದ್ದಾರೆ? ಪ್ಲೇಟ್ ಹಾಕಿಸಿದರೆ ಆಮೇಲೆ ಇನ್ನೊಂದು ಆಪರೇಷನ್ ಮಾಡಿ ತೆಗೆಸಬೇಕಾ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಾನು ಡಾಕ್ಟರಲ್ಲ. ನಿಮ್ಮ ತಾಯಿಯವರ ಎಕ್ಸ್-ರೇ ತೋರಿಸಿದರೂ ನನಗೆ ಓದಲು ಬಾರದು. ಆದರೆ ಪತ್ರ ಓದಿದ ಕೂಡಲೇ ಒಂದು ಅನುಮಾನ ಬಂತು. ನಿಮ್ಮ ತಮ್ಮ ತೋರಿಸಿದ್ದು ಯಾವ ಎಕ್ಸ್-ರೇ? ಬಿದ್ದ ದಿನ ತೆಗೆದದ್ದೋ, ಮೂಳೆ ಕೂರಿಸಿ ಪಟ್ಟಿ ಹಾಕಿದ ಮೇಲೆ ತೆಗೆದದ್ದೋ? ಮೊದಲನೆಯದಾದರೆ ಇಬ್ಬರು ಡಾಕ್ಟರು ನೋಡಿದ್ದು ಬೇರೆ ಬೇರೆ ಚಿತ್ರ. ಮಾತು ಬೇರೆಯಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ದುಡ್ಡಿನ ಅನುಮಾನಕ್ಕೆ ಮೊದಲು ಇದನ್ನು ಕೇಳಿ.

ಇಬ್ಬರೂ ಒಂದೇ ಚಿತ್ರ ನೋಡಿದ್ದರೂ ಒಂದೇ ಮಾತು ಹೇಳುತ್ತಿದ್ದರು ಅನ್ನುವಂತಿಲ್ಲ. ವಯಸ್ಸಾದವರ ಮಣಿಕಟ್ಟಿನ ಮುರಿತದ ಬಗ್ಗೆ ತಜ್ಞರಲ್ಲೇ ವಾದ ಮುಗಿದಿಲ್ಲ. ಮುರಿತ ಮಾತ್ರ ಹಳೆಯದು. ಡಬ್ಲಿನ್ನಿನ ಸರ್ಜನ್ ಅಬ್ರಹಾಂ ಕಾಲಿಸ್ 1814ರಲ್ಲೇ ಇದರ ಬಗ್ಗೆ ಬರೆದಿದ್ದ. ಆಗ ಎಕ್ಸ್-ರೇ ಎಲ್ಲಿತ್ತು? ಅದು ಬಂದದ್ದು 1895ರಲ್ಲಿ. ಬರೀ ಕೈಮುಟ್ಟಿ ನೋಡಿ ಬರೆದ ಆತ ಒಂದು ಸಮಾಧಾನವನ್ನೂ ಹೇಳಿದ್ದ: ಸೊಟ್ಟ ಹಾಗೇ ಉಳಿಯುತ್ತದೆ, ಆದರೆ ಕೊನೆಗೆ ಕೈ ಚೆನ್ನಾಗಿ ಆಡುತ್ತದೆ, ನೋವೂ ಹೋಗುತ್ತದೆ. ಮಗ್ಗ ನಡೆಸುವ, ಬೈಕ್ ಓಡಿಸುವ ಮೂವತ್ತರ ಪ್ರಾಯದವರಿಗೆ ಈ ಸಮಾಧಾನ ಸಾಲದು. ಎಪ್ಪತ್ತು ದಾಟಿದವರಲ್ಲಿ ಮಾತ್ರ ಎಕ್ಸ್-ರೇಯಲ್ಲಿ ಮೂಳೆ ಸ್ವಲ್ಪ ವಾಲಿದಂತೆ ಕಂಡರೂ ಎಷ್ಟೋ ಸಲ ಕೆಲಸಕ್ಕೆ ತೊಂದರೆಯಾಗುವುದಿಲ್ಲ.

ಪ್ಲೇಟ್ ಹಾಕಿದರೆ ಮೂಳೆ ಬೇಗ ಕೂಡುತ್ತೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಕೂಡುವ ಕೆಲಸ ಮೂಳೆಯದ್ದೇ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಮೆತ್ತಗಿನ ಅಂಟಿನಂಥ ಪದರ ಬೆಳೆಯುತ್ತದೆ. ಆಮೇಲೆ ಅದು ಗಟ್ಟಿಯಾಗುತ್ತದೆ. ಪ್ಲೇಟೂ ಪಟ್ಟಿಯೂ ಮಾಡುವುದು ಒಂದೇ, ಅಲ್ಲಿಯವರೆಗೆ ತುಂಡುಗಳು ಜರುಗದಂತೆ ಹಿಡಿದಿಡುವುದು. ಪ್ಲೇಟ್ ಒಳಗಿಂದ ಭದ್ರವಾಗಿ ಹಿಡಿಯುತ್ತದೆ, ಹಾಗಾಗಿ ಮಣಿಕಟ್ಟನ್ನು ಬೇಗ ಆಡಿಸಬಹುದು. ಅದರ ಬೆಲೆ ಅರಿವಳಿಕೆ, ಚರ್ಮದ ಮೇಲೆ ಗಾಯ, ಸೋಂಕಿನ ಭಯ, ಖರ್ಚು. ಪಟ್ಟಿ ಹೊರಗಿಂದ ಹಿಡಿಯುತ್ತದೆ. ಬಾವು ಇಳಿದ ಮೇಲೆ ಅದು ಸಡಿಲವಾಗುತ್ತದೆ, ಒಳಗೆ ಮೂಳೆ ಜರುಗಬಹುದು.

ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜರುಗಿದ ಮಣಿಕಟ್ಟಿನ ಮೂಳೆಯನ್ನು ಕೂರಿಸಿದ ಮೇಲೆ ಕೆಲವರಿಗೆ ಬರೀ ಪಟ್ಟಿ ಹಾಕಿದರು, ಕೆಲವರಿಗೆ ತಂತಿ ಚುಚ್ಚಿ ಭದ್ರ ಮಾಡಿದರು. ವರ್ಷದ ನಂತರ ಎರಡೂ ಗುಂಪಿನವರ ಕೈ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತಿತ್ತು. ಆದರೆ ಪಟ್ಟಿಯವರಲ್ಲಿ ಸುಮಾರು ಎಂಟರಲ್ಲೊಬ್ಬರಿಗೆ ಮೂಳೆ ಮತ್ತೆ ಜರುಗಿ, ಆಮೇಲೆ ಆಪರೇಷನ್ ಮಾಡಬೇಕಾಯಿತು. ಏಳು ಜನ ಆಪರೇಷನ್ ತಪ್ಪಿಸಿಕೊಂಡರು ಅಂತಲೂ ಓದಬಹುದು. ಆ ಒಬ್ಬರನ್ನು ಹೊತ್ತಿಗೆ ಸರಿಯಾಗಿ ಹಿಡಿದರು, ಅದೂ ಮುಖ್ಯ. ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದೇ ಇಲ್ಲಿ. ಪಟ್ಟಿ ಹಾಕಿಸಿದ ಕೂಡಲೇ ಚಿಕಿತ್ಸೆ ಮುಗಿಯಿತು ಅಂದುಕೊಂಡು ಆರು ವಾರ ಬಿಟ್ಟು ಹೋಗುವವರು ತುಂಬಾ ಜನ. ಈ ಮುರಿತದಲ್ಲಿ ವಾರಕ್ಕೊಮ್ಮೆಯಂತೆ ಮೊದಲ ಎರಡು ವಾರ ಮತ್ತೆ ಎಕ್ಸ್-ರೇ ತೆಗೆಯುತ್ತಾರೆ. ಜರುಗಿದ್ದರೆ ಆಗಲೇ ಸರಿಮಾಡುವುದು ಸುಲಭ. ಮೂರು ವಾರ ದಾಟಿದರೆ ಮೂಳೆ ಸೊಟ್ಟಕ್ಕೇ ಅಂಟಿಕೊಳ್ಳತೊಡಗುತ್ತದೆ. ನಿಮ್ಮ ತಾಯಿಯವರದು ಈಗ ಒಂದು ವಾರ ಆಗಿದೆ, ಅಲ್ವಾ? ನಾಳೆಯೇ ಹೋಗಿ. ಹಳೆಯ ಎಕ್ಸ್-ರೇಗಳನ್ನೂ ತಗೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿದರೇ ಗೊತ್ತಾಗೋದು.

ಅಲ್ಲಿಯವರೆಗೆ ಮನೆಯಲ್ಲಿ ನೋಡಬೇಕಾದದ್ದೂ ಇದೆ. ಬಳೆ, ಉಂಗುರ ತೆಗೆದಿದ್ದಾರಾ? ‘ಬಳೆ ತೆಗೀಬಾರದು’ ಅಂತ ಹಟ ಮಾಡುವ ಅಜ್ಜಿಯರು ಬಹಳ, ಬೆರಳು ಊದಿಕೊಂಡ ಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ. ಕೂತಾಗ, ಮಲಗಿದಾಗ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿಡಿ. ಬೆರಳು ಮಡಚಿ ಬಿಡಿಸುತ್ತಿರಲಿ, ಮೊಣಕೈ, ಭುಜ ಕೂಡ ಆಡಿಸಲಿ. ಇಲ್ಲದಿದ್ದರೆ ಮಣಿಕಟ್ಟು ವಾಸಿಯಾಗುವ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ. ನೋವು ಇಳಿಯುವ ಬದಲು ಏರುತ್ತಿದ್ದರೆ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿಗಟ್ಟಿದರೆ, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ತಡೆಯಲಾರದ ನೋವಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೋಗಿ ಪಟ್ಟಿ ಬಿಡಿಸಿ.

ಸೋದರಮಾವನವರ ಮಾತಿಗೆ ಬರೋಣ. ಪುತ್ತೂರು ಕಟ್ಟು ಅಂದರೆ ನಮ್ಮ ದಕ್ಷಿಣ ಕನ್ನಡದ ಪುತ್ತೂರಿನದಲ್ಲ, ತಿರುಪತಿ ಹತ್ತಿರದ ಆಂಧ್ರದ ಪುತ್ತೂರಿನದು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಾರೆ. ಅಲ್ಲಿಗೆ ಹೋಗಿ ವಾಸಿಯಾದವರು ಸುಳ್ಳು ಹೇಳುವುದಿಲ್ಲ. ಜರುಗದ ಮೂಳೆಯನ್ನು ಅಲುಗದಂತೆ ಇಟ್ಟರೆ ಸಾಮಾನ್ಯವಾಗಿ ಕೂಡುತ್ತದೆ, ಕಟ್ಟಿದವರು ಯಾರೇ ಇರಲಿ. ತೊಂದರೆ ಎರಡು ಕಡೆ. ಜರುಗಿದ ಮೂಳೆ ನೆಟ್ಟಗೆ ಕೂತಿದೆಯೋ ಇಲ್ಲವೋ ಅಂತ ಮೇಲಿಂದ ತಿಳಿಯದು. ಮತ್ತೆ, ಊದುತ್ತಿರುವ ಕೈಗೆ ಸುತ್ತಲೂ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಡುವುದೇ ನಿಲ್ಲಬಹುದು. ಆಸ್ಪತ್ರೆಯಲ್ಲಿ ಮೊದಮೊದಲು ಸುತ್ತ ಪಟ್ಟಿ ಹಾಕದೆ ಒಂದು ಬದಿ ಅರ್ಧ ಪಟ್ಟಿ ಹಾಕುವುದು ಈ ಭಯಕ್ಕೇ. ಮೊಣಕೈ ಮುರಿದ ಮಕ್ಕಳಿಗಂತೂ ಬಿಗಿ ಕಟ್ಟು ತುಂಬಾ ಅಪಾಯ, ಕೈ ಸೊರಗಿ ಬೆರಳು ಶಾಶ್ವತವಾಗಿ ಮುರುಟಿಕೊಂಡದ್ದುಂಟು. ತಾಯಿಯವರ ಮೂಳೆ ಜರುಗಿತ್ತು, ಅದಕ್ಕೇ ಎಳೆದು ಕೂರಿಸಿದ್ದಾರೆ. ಈಗ ಅದನ್ನು ಬಿಚ್ಚಿಸಿ ಬೇರೆ ಕಡೆ ಕಟ್ಟಿಸುವುದು ನನಗೆ ಸರಿಕಾಣುವುದಿಲ್ಲ. ಮಾವನವರು ಬೇಜಾರಾದರೆ ಆಗಲಿ.

ಆದರೆ ಈ ಉತ್ತರ ಓದಿ ‘ವಯಸ್ಸಾದವರಿಗೆ ಆಪರೇಷನ್ ಬೇಡ’ ಅಂತ ಯಾರೂ ತೀರ್ಮಾನಿಸಬೇಡಿ. ಇದೇ ವಯಸ್ಸಿನಲ್ಲಿ, ಇದೇ ಬಚ್ಚಲಲ್ಲಿ ಪಕ್ಕಕ್ಕೆ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿದ್ದರೆ ನಾನು ಬರೆಯುವುದು ಪೂರ್ತಿ ಉಲ್ಟಾ. ‘ಈ ವಯಸ್ಸಲ್ಲಿ ಯಾಕೆ ಕುಯ್ಯಿಸೋದು, ಮಲಗಿರಲಿ’ ಅನ್ನುವ ಮನೆಯವರ ಕರುಣೆಯೇ ಅಲ್ಲಿ ಜೀವಕ್ಕೆ ಎರವಾಗುತ್ತದೆ. ಕೈಗೆ ಪಟ್ಟಿ ಹಾಕಿಕೊಂಡವರು ಎದ್ದು ಓಡಾಡುತ್ತಾರೆ. ಸೊಂಟ ಮುರಿದವರು ಆಪರೇಷನ್ ಇಲ್ಲದಿದ್ದರೆ ತಿಂಗಳುಗಟ್ಟಲೆ ಮಲಗಬೇಕು. ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವೇ ಕೊಲ್ಲುವುದು. ಹಾಗಾಗಿ ಸಾಧ್ಯವಾದರೆ ಒಂದೆರಡು ದಿನದೊಳಗೇ ಆಪರೇಷನ್ ಮಾಡಿ, ಎಬ್ಬಿಸಿ ಕೂರಿಸುತ್ತಾರೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ದೊಡ್ಡವರ ತೊಡೆಮೂಳೆ ನಡುವೆ ಮುರಿದಿದ್ದರೆ, ಮುಂಗೈಯ ಎರಡೂ ಮೂಳೆ ಜರುಗಿದ್ದರೆ ಅಲ್ಲೂ ಸಾಮಾನ್ಯವಾಗಿ ಆಪರೇಷನ್ನೇ. ಪಕ್ಕೆಲುಬಿಗೆ, ಬಹುಪಾಲು ಕಾಲರ್ ಮೂಳೆ ಮುರಿತಕ್ಕೆ ಬೇಡ.

ಖರ್ಚಿನ ಚಿಂತೆ ಇದ್ದರೆ ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆ ಅಂತ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಕರೆದೊಯ್ಯುವುದೇ ಆದರೆ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ ಮೂಳೆ ಮತ್ತು ಅಪಘಾತ ಚಿಕಿತ್ಸೆಗೇ ಇರುವ ಸರ್ಕಾರಿ ಸಂಸ್ಥೆ.

ನೀವು ಕೇಳದೇ ಇದ್ದ ಒಂದು ಮಾತು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿಯಿತು ಅಂದರೆ ಮೂಳೆ ಟೊಳ್ಳಾಗಿರಬಹುದು. ಇಂಥವರಿಗೆ ಮುಂದೆ ಸೊಂಟ ಮುರಿಯುವ ಸಂಭವವೂ ಜಾಸ್ತಿ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಪರೀಕ್ಷೆ, ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಕಾಲೊರೆಸುವ ಬಟ್ಟೆ ಜಾರುತ್ತಿದ್ದರೆ ಎತ್ತಿಡಿ.

ಕೊನೆಯ ಪ್ರಶ್ನೆ, ಪ್ಲೇಟ್ ತೆಗೆಸಬೇಕಾ? ಮಣಿಕಟ್ಟಿನದನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಒಳಗೇ ಬಿಡುತ್ತಾರೆ. ಪ್ಲೇಟಿನ ಅಂಚೋ ಸ್ಕ್ರೂ ತುದಿಯೋ ಬೆರಳನ್ನಾಡಿಸುವ ಸ್ನಾಯುರಜ್ಜುವಿಗೆ ಉಜ್ಜಿ ನೋವು ಕೊಟ್ಟರೆ, ಸೋಂಕಾದರೆ ಮಾತ್ರ ತೆಗೆಸಬೇಕಾಗುತ್ತದೆ.