ಗೋವಾದ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಕನ್ನಡದ ಹುಡುಗ ಹೊಂದಿಕೊಳ್ಳಬಹುದಾ?

ವಾಸ್ಕೋದ ಕಾಲೇಜಿಗೆ ಸೇರಿದ್ದೇನೆ, ಕೊಂಕಣಿ ಅಷ್ಟಾಗಿ ಬರಲ್ಲ, ಫುಟ್‌ಬಾಲ್ ತಂಡ ಸೇರಲಾ ಎಂದು ಕೇಳಿದ್ದೀರಿ. ಖಂಡಿತ ಸೇರಿ. ವಾಸ್ಕೋದಲ್ಲಿ ಕನ್ನಡದವರಿಗೇನು ಬರವಿಲ್ಲ. ಬೈನಾ, ಝುವಾರಿನಗರದ ಕಡೆಯ ಒಬ್ಬಿಬ್ಬರು ತಂಡದಲ್ಲೇ ಸಿಕ್ಕಾರು. ಕೊಂಕಣಿ ಬೈಗುಳ ಮೊದಲ ವಾರದಲ್ಲೇ ಬರುತ್ತದೆ, ಉಳಿದದ್ದು ನಿಧಾನಕ್ಕೆ.

ಸೀಸನ್ ಶುರುವಾದರೆ ಬೆಳಗಿನ ನಿದ್ದೆ ಮರೆತುಬಿಡಿ. ಕ್ಲಾಸಿಗೆ ಮೊದಲೇ ಪ್ರಾಕ್ಟೀಸ್. ಕೆಂಪು ಮಣ್ಣು ಸಾಕ್ಸಿಗೆ ಹತ್ತಿದರೆ ಎಷ್ಟು ಉಜ್ಜಿದರೂ ಹೋಗಲ್ಲ. ಆಮೇಲೆ ಎಲ್ಲರೂ ಭಾಜಿ-ಪಾವ್ ತಿನ್ನಲು ಹೊರಡುತ್ತಾರೆ. ಜೇಬಲ್ಲಿ ದುಡ್ಡಿದ್ದವನು ಕೊಡುತ್ತಾನೆ, ಯಾರೂ ಲೆಕ್ಕ ಇಡಲ್ಲ. ಸ್ನೇಹ ಬೆಳೆಯುವುದು ಅಲ್ಲೇ. 90 ನಿಮಿಷದ ಮ್ಯಾಚಲ್ಲಿ ಮಾತಾಡಲು ಪುರುಸೊತ್ತೆಲ್ಲಿ? ಬೂಟಿನ ಅಡಿ ಕಿತ್ತುಬಂದರೆ ಬೆಂಚಲ್ಲಿ ಕೂತವನು ತನ್ನದನ್ನು ಬಿಚ್ಚಿ ಎಸೆಯುತ್ತಾನೆ. ಸೈಜು ದೊಡ್ಡದಾದರೆ ಎರಡೆರಡು ಸಾಕ್ಸ್ ಹಾಕಿಕೊಳ್ಳುವುದು, ಅಷ್ಟೇ.

ಕಷ್ಟ ಅಂದರೆ ಬೆಂಚು. ಆಡುವವರು 11 ಜನ, ಕಾಯುವವರು ಜಾಸ್ತಿ. ಫುಟ್‌ಬಾಲ್ ಗೋವಾದ ಅಧಿಕೃತ ರಾಜ್ಯ ಕ್ರೀಡೆ. ಇಲ್ಲಿನ ಹುಡುಗರು ಚಿಕ್ಕಂದಿನಿಂದ ಚೆಂಡು ಒದ್ದವರು. ಮೊದಲ ವರ್ಷವೇ ಜಾಗ ಸಿಗದಿದ್ದರೆ ಮುಖ ಊದಿಸಿಕೊಂಡು ಕೂರಬೇಡಿ. ಕೂಗಿ ಹುರಿದುಂಬಿಸುವವನನ್ನು ಕೋಚ್ ಗಮನಿಸುತ್ತಾರೆ. ಸುಮ್ನೆ ಮೊಬೈಲ್ ನೋಡುವವನನ್ನೂ ಗಮನಿಸುತ್ತಾರೆ!

ಮತ್ತೆ, ಹಾಜರಾತಿ. ಮ್ಯಾಚಿಗೆ ಹೋದ ದಿನದ ಪತ್ರವನ್ನು ಪಿ.ಇ. ಸರ್ ಹತ್ತಿರ ಅಂದೇ ಬರೆಸಿಕೊಳ್ಳಿ. ಪರೀಕ್ಷೆ ಹತ್ತಿರ ಬಂದಾಗ ಕೇಳಿದರೆ ಅವರಿಗೂ ನೆನಪಿರಲ್ಲ, ನಿಮಗೂ ತಾರೀಖು ನೆನಪಿರಲ್ಲ.