ಪುಣೆ ಹತ್ತಿರ ಜಮೀನು ತಗೊಂಡಿದ್ದೇನೆ. ಇಳಿಯುವ ಮೊದಲು ಮಣ್ಣಿನ ಆರೋಗ್ಯ, ಸುಸ್ಥಿರ ಕೃಷಿ ಬಗ್ಗೆ ಯಾವ ಹತ್ತು ಪುಸ್ತಕ ಓದಲಿ?

ಈ ಪ್ರಶ್ನೆ ನಾನೇ ಬರೆದ ಹಾಗಿದೆ ಮಾರಾಯ್ರೆ. ಪುಣೆಯ ಹಿಂಜವಡಿಯಲ್ಲಿ ಕೆಲಸ, ಅಲ್ಲೇ ಹತ್ತಿರದ ಸಾಸವಡದ ಆಚೆ ಒಂದಿಷ್ಟು ಗುಂಟೆ, ಕಪಾಟಿನ ತುಂಬ ಕೃಷಿ ಪುಸ್ತಕ. ಮೇಲಿಂದ ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು, ಮಣ್ಣು ನನಗೆ ಗೊತ್ತು ಅನ್ನೋ ಅಹಂಕಾರ ಬೇರೆ.

ನಿಂಬೆ ಗಿಡ ನೆಡುವ ಮೊದಲು ಗುಂಡಿ ಗುಂಡಿಗೂ ಸುಣ್ಣ ಹಾಕಿಸಿದೆ. ಊರಲ್ಲಿ ಅಪ್ಪ ಹಾಕುತ್ತಿದ್ದರು, ನನ್ನ ಕನ್ನಡ ಕೈಪಿಡಿಯಲ್ಲೂ ಹಾಗೇ ಇತ್ತು. ಕೈಪಿಡಿಯದೇನೂ ತಪ್ಪಿಲ್ಲ. ಮಲೆನಾಡಿನ ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗುತ್ತದೆ, ಅಲ್ಲಿ ಸುಣ್ಣ ಬೇಕು. ಸಾಸವಡ ಮಳೆನೆರಳಿನ ಊರು. ಬಸಾಲ್ಟ್ ಕಲ್ಲು ಸವೆದು ಆದ ಕಪ್ಪು ಮಣ್ಣು, ಕಲ್ಲು ಬಿಟ್ಟುಕೊಟ್ಟ ಸುಣ್ಣ ಎಲ್ಲೂ ಹೋಗದೆ ಗಂಟುಗಂಟಾಗಿ ಅಲ್ಲೇ ಕೂತಿರುತ್ತದೆ. ಪಕ್ಕದ ಹೊಲದ ಕಾಕಾ ಬಿಳಿ ಹರಳು ಹೆಕ್ಕಿ ತೋರಿಸಿ "ಸಾಹೇಬ, ಹೀ ಚುನಖಡೀ ಆಹೇ", ಅಂದರೆ ಇದು ಸುಣ್ಣದ ಕಲ್ಲು, ಅಂದಿದ್ದರು. ನಾನು ತಲೆಯಾಡಿಸಿ ಇನ್ನೊಂದು ಚೀಲ ಬಿಚ್ಚಿಸಿದೆ.

ಚಿಗುರೆಲೆ ಹಳದಿ ತಿರುಗಿತು, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಪಿಎಚ್ (ಹುಳಿ-ಕ್ಷಾರದ ಅಳತೆ) 8 ದಾಟಿದ ಸುಣ್ಣದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ತಂದು ಬುಡಕ್ಕೆ ಹಾಕಿದೆ. ಅದೂ ಅದೇ ಸುಣ್ಣಕ್ಕೆ ಸಿಕ್ಕಿ ತುಕ್ಕಾಯಿತು. ಎಲೆಗೆ ಸಿಂಪಡಿಸಿದರೆ ಸ್ವಲ್ಪ ದಿನ ಹಸಿರು, ಮುಂದಿನ ಚಿಗುರು ಮತ್ತೆ ಹಳದಿ. ಹುಳಿ ಮಣ್ಣಿಗೆ ಸುಣ್ಣ ಹಾಕಿ ಸರಿ ಮಾಡಬಹುದು, ಹಾಕಿದ ಸುಣ್ಣ ವಾಪಸ್ ತೆಗೆಯೋದು ಹೇಗೆ? ಕೊನೆಗೆ ಗಿಡಗಳನ್ನೇ ಕೀಳಿಸಿದೆ. ಆ ಜಾಗದಲ್ಲಿ ಈಗ ಅಂಜೂರ ಇದೆ. ಸಾಸವಡ ಇರುವ ಪುರಂದರ ತಾಲೂಕಿನವರು ಅದನ್ನೇ ಯಾಕೆ ನೆಚ್ಚಿಕೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು: ಸುಣ್ಣದ ಮಣ್ಣನ್ನು ಅಂಜೂರ ತಡೆದುಕೊಳ್ಳುತ್ತದೆ.

ಹಾಗಾಗಿ ಮೊದಲು ಓದು, ಆಮೇಲೆ ಜಮೀನು ಅನ್ನುವ ನಿಮ್ಮ ಕ್ರಮವೇ ಉಲ್ಟಾ. ಒಂದು ಹಿಡಿ ಮಣ್ಣಿಗೆ ವಿನೆಗರ್ ಹಾಕಿ. ಬುಸ್ಸೆಂದು ನೊರೆ ಬಂದರೆ ಸುಣ್ಣ ಇದೆ. ಆಮೇಲೆ ಹೊಲದ ಹಲವು ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಸರ್ಕಾರದ ಸಾಯಿಲ್ ಹೆಲ್ತ್ ಕಾರ್ಡಿನ (ಮಣ್ಣು ಪರೀಕ್ಷೆ ವರದಿ) 12 ಅಂಶಗಳಲ್ಲಿ ಪಿಎಚ್, ಸಾವಯವ ಇಂಗಾಲ, ಕಬ್ಬಿಣ, ಸತು ಎಲ್ಲ ಇವೆ, ಸುಣ್ಣದ ಪ್ರಮಾಣ ಇಲ್ಲ. ಅದನ್ನು ಬೇರೆಯಾಗಿ ಕೇಳಿ ಮಾಡಿಸಿ.

ಆ ವರದಿ ಪಕ್ಕದಲ್ಲಿಟ್ಟುಕೊಂಡು ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಅವರ 'ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್' ಓದಿ. 1940ರ ಪುಸ್ತಕ, ಹಳೆಯದು ಅಂತ ಮೂಗು ಮುರಿಯಬೇಡಿ. ಅವರ ಕಾಂಪೋಸ್ಟ್ ಪದ್ಧತಿ ರೂಪುಗೊಂಡದ್ದು ಇಂದೋರಿನಲ್ಲಿ, ಅಲ್ಲಿಯದೂ ನಮ್ಮ ಥರದ್ದೇ ಕಪ್ಪು ಮಣ್ಣು. ತೇಜಸ್ವಿಯವರ 'ಸಹಜ ಕೃಷಿ'ಯನ್ನು ಖುಷಿಗೆ ಓದಿ, ಅಲ್ಲಿಂದ 'ಏನೂ ಮಾಡದ ಕೃಷಿ'ಯ ರೈತ ಫುಕುವೋಕಾ ಅವರ ಪುಸ್ತಕಕ್ಕೆ ಹೋಗಿ. ಆದರೆ ಫುಕುವೋಕಾ ತೋಟ ಇದ್ದದ್ದು ಜಪಾನಿನ ಶಿಕೋಕು ದ್ವೀಪದಲ್ಲಿ. ಹುಲ್ಲು ಹೊದಿಸುವುದನ್ನು ಅವರಿಂದ ಕಲಿಯಿರಿ, ಏನೂ ಮಾಡದೆ ಕೂರುವುದನ್ನು ಸಾಸವಡದ ಮೇ ತಿಂಗಳಲ್ಲಿ ಪ್ರಯೋಗಿಸಬೇಡಿ. ಮಿಕ್ಕ ಏಳು ಪುಸ್ತಕದ ದುಡ್ಡಿಗೆ ಸಗಣಿ ಗೊಬ್ಬರ ತರಿಸಿ.

ಅಂದಹಾಗೆ ಜಮೀನು ಪುಣೆಯ ಯಾವ ದಿಕ್ಕಿಗೆ ಅಂತ ನೀವು ಬರೆದೇ ಇಲ್ಲ. ಮುಳಶಿ ಕಡೆಯಾದರೆ ಲೆಕ್ಕ ಬೇರೆ. ಅಲ್ಲಿ ಘಟ್ಟದ ಮಳೆ, ನಮ್ಮಪ್ಪನ ಸುಣ್ಣ ಅಲ್ಲಿ ಕೆಲಸಕ್ಕೆ ಬಂದೀತು.